ಯಾರ ಕೈಯ ನೀರು

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ವೈರಸ್ಸುಗಳ ಊರು-ಮನೆ ವಿಚಾರಿಸುವುದು ಎಂದು ಹೇಳಿ ಮುಗಿಸುತ್ತೇನೆ. ನಮ್ಮ ಉಡುಪಿ ಕಡೆಯವರು ಹೊಸಬರನ್ನು ಕಂಡ ಕೂಡಲೇ ಯಾವ ಊರು, ಯಾರ ಮನೆ, ತಾಯಿ ಎಲ್ಲಿಯವರು ಎಂದು ಕೆದಕಿ ಕೆದಕಿ ಕೇಳಿ, ಕೊನೆಗೆ ಎಲ್ಲೋ ಒಂದು ಕಡೆ ನಂಟು ಹಚ್ಚಿಬಿಡುತ್ತಾರೆ. ನಾವು ಮಾಡುವುದೂ ಅಷ್ಟೇ. ರೋಗಿಯ ರಕ್ತದಲ್ಲಿರುವ ವೈರಸ್ಸಿನ ಆರ್‌ಎನ್‌ಎಯನ್ನು ಬೇರ್ಪಡಿಸಿ, ಅದರ ಒಂದು ತುಣುಕನ್ನು ಪಿಸಿಆರ್ ಯಂತ್ರದಲ್ಲಿ ಕೋಟಿಗಟ್ಟಲೆ ಪ್ರತಿಗಳಾಗಿ ಬೆಳೆಸಿ, ಆ ತುಣುಕಿನ ಅಕ್ಷರಗಳನ್ನು ಒಂದೊಂದಾಗಿ ಓದುತ್ತೇವೆ. ವೈರಸ್ಸು ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಾ ಹೋದಂತೆ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಇಬ್ಬರ ವೈರಸ್ಸಿನ ಅಕ್ಷರಗಳು ಹೊಂದಿಕೊಂಡರೆ ಅವರಿಗೆ ರೋಗ ಒಂದೇ ಮೂಲದಿಂದ ಬಂದಿರಬೇಕು. ತುಂಬ ವ್ಯತ್ಯಾಸವಿದ್ದರೆ ರೋಗದ ಹೆಸರು ಒಂದೇ ಆದರೂ ಒಬ್ಬರಿಂದ ಇನ್ನೊಬ್ಬರಿಗೆ ಬಂದದ್ದಲ್ಲ. ಇದಕ್ಕಿಂತ ಹೆಚ್ಚು ವಿವರಿಸಲು ಹೊರಟರೆ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ಹೋಗುತ್ತಿದ್ದರು, ಅತ್ತಿಗೆ ಒಬ್ಬಳನ್ನು ಬಿಟ್ಟು.

ಅತ್ತಿಗೆ ನನ್ನ ಅಣ್ಣನ ಹೆಂಡತಿ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಚೆನ್ನೈನಲ್ಲೇ ಹುಟ್ಟಿ, ತಮಿಳು ಶಾಲೆಯಲ್ಲಿ ಓದಿದವಳು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಅರ್ಧ ತಮಿಳಿನಲ್ಲಿ ಉತ್ತರಿಸುತ್ತಿದ್ದಳು, ಅದು ಇಬ್ಬರ ಗಮನಕ್ಕೂ ಬರುತ್ತಿರಲಿಲ್ಲ. ನಾನೊಬ್ಬಳೇ ಲ್ಯಾಬಿನ ಹತ್ತಿರ ಬೇರೆ ಮನೆ ಮಾಡಿಕೊಂಡಿದ್ದೆ. ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಟ್ರಿಪ್ಲಿಕೇನಿನ ನಮ್ಮ ಹಳೆಯ ಮನೆಗೆ ಹೋದರೆ, ಈ ವಾರ ಯಾವ ಕಳ್ಳನನ್ನು ಹಿಡಿದಿರಿ ಎಂದು ಅತ್ತಿಗೆ ಪೊಲೀಸರನ್ನು ಕೇಳುವ ಹಾಗೆ ಕೇಳುವಳು. ನನಗೆ ಯಾರ ಜೊತೆಯೂ ಬೇಗ ಹೊಂದಿಕೆಯಾಗುವುದಿಲ್ಲ. ಅವಳನ್ನು ಮಾತ್ರ ನಾನು ಬಹಳ ಹಚ್ಚಿಕೊಂಡಿದ್ದೆ.

ನಮ್ಮದು ಹೋಟೆಲಿನ ಕುಟುಂಬ. ಅಜ್ಜ ಊರಿನಿಂದ ಚೆನ್ನೈಗೆ ಬಂದು ಶುರುಮಾಡಿದ್ದು, ಅಪ್ಪ ಬೆಳೆಸಿದ್ದು, ಈಗ ಅಣ್ಣ ನೋಡಿಕೊಳ್ಳುತ್ತಾನೆ. ಅಪ್ಪ ಗಲ್ಲಾ ಬಿಟ್ಟ ಮೇಲೆ ಪೂಜೆ ಹಿಡಿದರು. ಮೊದಲು ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ದೇವರ ಪೂಜೆ ಊಟದ ಹೊತ್ತಿನವರೆಗೂ ಎಳೆಯತೊಡಗಿತು. ಹೋಟೆಲಿನ ಅಡಿಗೆಮನೆ ಭಟ್ಟರ ಕೈಯಲ್ಲಿತ್ತು. ಭಟ್ಟರು ಚಿಕ್ಕ ಪ್ರಾಯದಲ್ಲೇ ಊರಿನಿಂದ ಬಂದು ನಮ್ಮಲ್ಲೇ ತಲೆ ಬೆಳ್ಳಗಾದವರು. ಉತ್ತರ ಚೆನ್ನೈನ ರಾಯಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ಅವರ ಸಾಂಬಾರಿಗಾಗಿ ಎರಡು ಬಸ್ಸು ಬದಲಾಯಿಸಿ ಬರುವವರಿದ್ದರು. ಭಟ್ಟರ ಕೈಗುಣ ಎನ್ನುವುದು ನಮ್ಮ ಹೋಟೆಲಿನ ನಿಜವಾದ ಬೋರ್ಡು ಎಂದು ಅಪ್ಪ ಹೇಳುತ್ತಿದ್ದರು.

ಮದುವೆಯಾಗಿ ಬಹಳ ಕಾಲದ ಮೇಲೆ ಅತ್ತಿಗೆ ಬಸುರಿಯಾದಳು. ಕಾಯಿಸಿ ಆರಿಸಿದ ನೀರನ್ನೇ ಕುಡಿಯಬೇಕು ಎಂದು ಡಾಕ್ಟರು ಒಂದು ಮಾತು ಹೇಳಿದ್ದೇ ಸಾಕು, ಅಮ್ಮ ಅದನ್ನು ವ್ರತದ ಹಾಗೆ ಹಿಡಿದಳು. ಕ್ಯಾನ್ ನೀರು ಬಂದರೂ ಅದನ್ನು ಮತ್ತೆ ಕುದಿಸುವಳು. ಅತ್ತಿಗೆಗೆಂದೇ ಒಂದು ತಾಮ್ರದ ಚೊಂಬು, ಅದಕ್ಕೆ ಬಟ್ಟೆ ಕಟ್ಟಿ ಮುಚ್ಚಳ. ಬೇರೆಯವರ ಮನೆಗೆ ಹೋದರೂ ಆ ಚೊಂಬು ಜೊತೆಗೆ ಹೋಗಬೇಕು. ನೀರನ್ನು ಇಷ್ಟು ಬೇಯಿಸಿದರೆ ಒಂದು ದಿನ ಅದು ಅಡಿ ಹಿಡಿದೀತು ಎಂದು ನಾನು ತಮಾಷೆ ಮಾಡುತ್ತಿದ್ದೆ. ಅಮ್ಮ ಕೇಳಿಸಿಕೊಳ್ಳಲಿಲ್ಲ. ಸೀಮಂತದ ಅಡಿಗೆಯನ್ನು ಹೊರಗಿನವರಿಗೆ ಕೊಡದೆ ಭಟ್ಟರನ್ನೇ ಮನೆಗೆ ಕರೆಸಿ ಮಾಡಿಸಿದಳು. ಅವರು ತಮ್ಮ ಮಗಳಿಗೆ ಬಡಿಸಿದ ಹಾಗೆ ಅತ್ತಿಗೆಗೆ ಒತ್ತಾಯ ಮಾಡಿ ಹೋಳಿಗೆ ಬಡಿಸಿದರು.

ಕೆಲವು ವಾರಗಳ ನಂತರ ಭಟ್ಟರ ಕಣ್ಣು ಹಳದಿಯಾಯಿತು. ಅಣ್ಣನೇ ಅವರನ್ನು ಆಸ್ಪತ್ರೆಗೆ ಕಳಿಸಿದ. ಆ ಸಲ ಉತ್ತರ ಚೆನ್ನೈನ ಕೆಲವು ಬೀದಿಗಳಲ್ಲಿ ಕಾಮಾಲೆ ಇತ್ತು, ಅಲ್ಲಿಯ ರಕ್ತದ ಮಾದರಿಗಳೆಲ್ಲ ನಮ್ಮ ಲ್ಯಾಬಿಗೇ ಬರುತ್ತಿದ್ದವು, ಭಟ್ಟರದ್ದೂ ಬಂತು. ಹೆಪಟೈಟಿಸ್ ಇ ಎಂದು ವರದಿಯಾಯಿತು. ಇದು ಕೊಳಕು ನೀರಿನಿಂದ ಬರುವ ಕಾಮಾಲೆ. ಸಾಮಾನ್ಯರಿಗೆ ಬಂದರೆ ಸ್ವಲ್ಪ ದಿನ ಸುಸ್ತು, ಊಟ ಸೇರುವುದಿಲ್ಲ, ಆಮೇಲೆ ತಾನಾಗಿ ಹೋಗುತ್ತದೆ. ಎಷ್ಟೋ ಜನರಿಗೆ ಬಂದುಹೋದದ್ದೇ ಗೊತ್ತಾಗುವುದಿಲ್ಲ. ತುಂಬಿದ ಬಸುರಿಗೆ ಬಂದರೆ ಮಾತ್ರ ಅದರ ರೀತಿಯೇ ಬೇರೆ.

ಅದು ನನಗೆ ಗೊತ್ತಿತ್ತು. ಅದಕ್ಕೇ, ಅತ್ತಿಗೆಗೆ ವಾಂತಿ ನಿಲ್ಲುತ್ತಿಲ್ಲ ಎಂದು ಅಣ್ಣ ಫೋನ್ ಮಾಡಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಟೆ. ಆಸ್ಪತ್ರೆಗೆ ಹೋಗಿ ನೋಡಿದರೆ ಅವಳ ಕಣ್ಣು, ಉಗುರು, ಅಂಗೈ ಎಲ್ಲ ಹಳದಿ. ಮರುದಿನ ಮಾತು ತಡವರಿಸತೊಡಗಿತು. ನನ್ನನ್ನು ನೋಡಿ ತನ್ನ ಅಮ್ಮನ ಹೆಸರು ಹಿಡಿದು ಕರೆದಳು. ಮಗು ಹೊಟ್ಟೆಯಲ್ಲೇ ಹೋಯಿತು, ಅವಳೂ ಅದರ ಹಿಂದೆಯೇ ಹೋದಳು. ಮಗು ಗಂಡೋ ಹೆಣ್ಣೋ ಎಂದು ಅಮ್ಮ ಡಾಕ್ಟರನ್ನು ಕೇಳಿದಳು. ಹೆಣ್ಣು ಎಂದರು. ಇಂಥ ಸಾವನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಅದರ ಬಗ್ಗೆ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೆ. ಅದು ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಹೆಣ ಮನೆಯಲ್ಲಿರುವಾಗಲೇ ಯಾರೋ ಭಟ್ಟರ ಹೆಸರೆತ್ತಿದರು. ಸೀಮಂತದ ಅಡಿಗೆ ಮಾಡಿದವರಿಗೆ ಕಾಮಾಲೆ, ಊಟ ಮಾಡಿದ ಬಸುರಿಗೆ ಕಾಮಾಲೆ. ನಮ್ಮ ಲ್ಯಾಬಿನಲ್ಲೇ ಮಾಡಿದ ಅತ್ತಿಗೆಯ ರಕ್ತ ಪರೀಕ್ಷೆಯೂ ಹೆಪಟೈಟಿಸ್ ಇ ಎಂದೇ ಹೇಳಿತ್ತು. ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಯಾರಿಗೂ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅಣ್ಣ ಭಟ್ಟರನ್ನು ಕೆಲಸದಿಂದ ಬಿಡಿಸಿದ. ಚೆನ್ನೈನಲ್ಲಿ ನಮ್ಮವರ ಹೋಟೆಲುಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ನೆಂಟರು. ಸುದ್ದಿ ಒಂದು ಅಡಿಗೆಮನೆಯಿಂದ ಇನ್ನೊಂದಕ್ಕೆ ಹೋಗಲು ಹೊತ್ತು ಹಿಡಿಯಲಿಲ್ಲ. ಬಸುರಿಯನ್ನು ಕೊಂದ ಭಟ್ಟರು ಎಂದೇ ಅವರಿಗೆ ಹೆಸರಾಯಿತು.

ನನಗೆ ಅದು ಅಷ್ಟು ಸಲೀಸಾಗಿ ಒಪ್ಪಿಗೆಯಾಗಲಿಲ್ಲ. ಈ ಕಾಮಾಲೆ ಹೆಚ್ಚಾಗಿ ಹರಡುವುದು ನೀರಿನಿಂದ, ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಅಪರೂಪ. ಅತ್ತಿಗೆ ಏನೇನು ಕುಡಿದಳು ಎಂದು ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಕೇಳಿದೆ. ಕ್ಯಾನ್ ನೀರು, ಕುದಿಸಿದ್ದು. ಎಳನೀರು, ಮನೆಯಲ್ಲೇ ಕೆತ್ತಿದ್ದು. ಮಜ್ಜಿಗೆಗೂ ಕುದಿಸಿದ ನೀರು. ಬಾವಿಯ ನೀರು ಕುಡಿದಳಾ ಎಂದದ್ದಕ್ಕೆ ಅಮ್ಮ ಸಿಟ್ಟಾದಳು. ಹಿತ್ತಲಿನ ಬಾವಿಯ ನೀರನ್ನು ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಅದು ತುಳಸಿ ಗಿಡಕ್ಕೆ ಮತ್ತು ದೇವರ ಕೆಲಸಕ್ಕೆ ಮಾತ್ರ. ಹೊರಗಿನವರ ಕೈಯಿಂದ ತಿಂದದ್ದೆಂದರೆ ಭಟ್ಟರು ಮಾಡಿದ್ದು ಮಾತ್ರ ಎಂದು ಅಣ್ಣ ಮಾತು ಮುಗಿಸಿದ.

ಒಂದು ದಿನ ಭಟ್ಟರು ಲ್ಯಾಬಿಗೇ ಬಂದರು. ಕಾಮಾಲೆ ಇಳಿದಿತ್ತು, ಆದರೆ ಮನುಷ್ಯ ಅರ್ಧವಾಗಿದ್ದರು. ಗೇಟಿನ ಹತ್ತಿರ ಮರದ ಕೆಳಗೆ ನಿಂತು ಮಾತಾಡಿದೆವು. ಕೆಲಸ ಹೋದದ್ದನ್ನು ಅವರು ಎತ್ತಲೇ ಇಲ್ಲ. ಅವರ ಒಬ್ಬಳೇ ಮಗಳನ್ನು ತಾಂಬರಂನಲ್ಲಿರುವ ಕನ್ನಡದವರ ಮನೆಗೇ ಕೊಟ್ಟಿದ್ದರು. ಅವಳಿಗೆ ಈಗ ಏಳು ತಿಂಗಳು ತುಂಬುತ್ತಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವುದಿಲ್ಲ ಎಂದು ಅತ್ತೆ ಹೇಳಿಬಿಟ್ಟಿದ್ದರಂತೆ. ನೋಡಲು ಹೋದರೆ ಭಟ್ಟರನ್ನು ಒಳಗೂ ಸೇರಿಸಲಿಲ್ಲವಂತೆ.

"ಮಗಳಿಗೆ ಅಂತ ಒಂದು ಡಬ್ಬಿ ಉಂಡೆ ಕಟ್ಟಿಕೊಂಡು ಹೋಗಿದ್ದೆ ತಂಗಿ. ಅದನ್ನು ಗೇಟಿನ ಹೊರಗೇ ಇಡಿಸಿದ್ರು," ಎಂದರು. "ನಾನೇ ಮಾಡಿದ್ದು ಹೌದಾದ್ರೆ ಹೌದು ಅಂತ ಹೇಳಿ. ನಾನು ಮಗಳ ಕಡೆ ತಲೆ ಹಾಕುದಿಲ್ಲ. ಅಲ್ಲಾಂತಾದ್ರೆ ಅದನ್ನಾದ್ರೂ ಹೇಳಿ."

ಭಟ್ಟರ ರಕ್ತದ ಮಾದರಿಯೂ ಅತ್ತಿಗೆಯದೂ ನಮ್ಮ ಫ್ರೀಜರಿನಲ್ಲಿ ಒಂದೇ ಅರೆಯಲ್ಲಿ ಇದ್ದವು. ಆಂಟಿಬಾಡಿ ಪರೀಕ್ಷೆ ರೋಗದ ಹೆಸರನ್ನಷ್ಟೇ ಹೇಳುತ್ತದೆ; ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಅದಕ್ಕೆ ಅಕ್ಷರಗಳನ್ನೇ ಓದಬೇಕು. ಮುಖ್ಯಸ್ಥರ ಅನುಮತಿ ಕೇಳಿದೆ. ಭಟ್ಟರು ಅಲ್ಲೇ ಒಪ್ಪಿಗೆ ಕೊಟ್ಟರು. ಅಣ್ಣ ಮುಖ ಊದಿಸಿಕೊಂಡೇ ಸಹಿ ಹಾಕಿದ. ನನ್ನ ಸಿಟ್ಟು, ನನ್ನ ಮನೆ, ಎರಡೂ ಇದರಲ್ಲಿ ಸಿಕ್ಕಿಕೊಂಡಿದ್ದರಿಂದ ಕೆಲಸವನ್ನು ನಾನು ಮಾಡಲಿಲ್ಲ. ಎರಡು ಕೊಳವೆಗಳಿಗೂ ಬೇರೆ ಕೋಡ್ ಅಂಟಿಸಿ, ರಾಯಪುರದಿಂದ ಬಂದಿದ್ದ ಇನ್ನಷ್ಟು ಮಾದರಿಗಳ ಜೊತೆ ಬೆರೆಸಿ, ಸಹೋದ್ಯೋಗಿಯೊಬ್ಬರ ಕೈಗೆ ಕೊಟ್ಟೆ. ಯಾವುದು ಯಾರದ್ದೆಂದು ಅವರಿಗೆ ಗೊತ್ತಿರಲಿಲ್ಲ. ಅತ್ತಿಗೆಯ ಕೊಳವೆಯ ಮೇಲೆ ಕೋಡ್ ಅಂಟಿಸುವಾಗ ನನಗೆ ಅಳು ಬಂತು, ಹೊರಗೆ ಹೋಗಿ ಅತ್ತು ಬಂದೆ.

ಫಲಿತಾಂಶ ವಂಶವೃಕ್ಷದ ಚಿತ್ರವಾಗಿ ಬಂದಾಗ, ಅದರಲ್ಲಿ ಭಟ್ಟರ ವೈರಸ್ಸು ರಾಯಪುರದ ಅವರ ನೆರೆಹೊರೆಯವರ ವೈರಸ್ಸಿನ ಜೊತೆ ಕೂತಿತ್ತು. ಅವರ ಬೀದಿಯ ನೀರಿನ ಪೈಪಿಗೆ ಚರಂಡಿ ಸೇರಿದ್ದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಅತ್ತಿಗೆಯ ವೈರಸ್ಸು ಅವರ ಹತ್ತಿರಕ್ಕೂ ಬಾರದೆ ಬೇರೆಯೇ ಕೊಂಬೆಯಲ್ಲಿ ಒಂಟಿಯಾಗಿತ್ತು. ಹೆಸರು ಒಂದೇ, ಮನೆತನ ಬೇರೆ. ಅದನ್ನು ಪ್ರಿಂಟ್ ತೆಗೆದು ಅಣ್ಣನ ಮುಂದಿಟ್ಟೆ. ಅವನು ಅದನ್ನು ನೋಡಿದ. ಭಟ್ಟರಿಂದ ಅಲ್ಲ ಎಂದಾದರೆ ಮತ್ತೆ ಎಲ್ಲಿಂದ ಎಂದು ಕೇಳಿದ. ಅದನ್ನು ಹೇಳದೆ ಬರೀ ಗೆರೆಗಳ ಚಿತ್ರ ತೋರಿಸಿದರೆ ಹೋಟೆಲಿನವರು ನಂಬುವುದಿಲ್ಲ, ತಾಂಬರಂನವರು ಮೊದಲೇ ನಂಬುವುದಿಲ್ಲ ಎಂದ. ಅವನ ಮೇಲೆ ಸಿಟ್ಟು ಬಂದರೂ ಅವನು ಹೇಳಿದ್ದು ತಪ್ಪಲ್ಲ. ಜನಕ್ಕೆ ಒಬ್ಬರು ಸಿಕ್ಕಿದ್ದರು. ಆ ಜಾಗಕ್ಕೆ ಇನ್ನೊಬ್ಬರು ಸಿಗುವ ತನಕ ಬಿಡುವವರಲ್ಲ.

ಅತ್ತಿಗೆಯ ಮಾಸಿಕದ ದಿನ ನಾನು ರಜೆ ಹಾಕಿ ಬೆಳಿಗ್ಗೆಯೇ ಮನೆಗೆ ಹೋದೆ. ಅಷ್ಟು ಬೇಗ ನಾನು ಆ ಮನೆಗೆ ಹೋಗಿ ವರ್ಷಗಳೇ ಆಗಿದ್ದವು. ಅಮ್ಮ ಮಿಂದು, ಒದ್ದೆ ಸೀರೆಯಲ್ಲಿ, ಯಾರನ್ನೂ ಮುಟ್ಟದೆ, ಬಾವಿಯಿಂದ ಮಡಿನೀರು ಸೇದುತ್ತಿದ್ದಳು. ನಲ್ಲಿ ನೀರು ಯಾರ್ಯಾರ ಕೈ ದಾಟಿ ಬರುತ್ತದೋ ಎಂದು ದೇವರಿಗೆ ಆಗುವುದಿಲ್ಲ, ಕುದಿಸಿದ್ದಂತೂ ಅಭಿಷೇಕಕ್ಕೆ ಸಲ್ಲುವುದೇ ಇಲ್ಲ. ಅಪ್ಪ ಅದೇ ನೀರಿನಿಂದ ಸಾಲಿಗ್ರಾಮಕ್ಕೆ ಅಭಿಷೇಕ ಮಾಡಿ, ತುಳಸಿ ಹಾಕಿ, ಕೆಲಸಗಳೆಲ್ಲ ಮುಗಿದ ಮೇಲೆ ನಮ್ಮನ್ನು ಕರೆದರು. ನಾನು ಕೈ ಒಡ್ಡಿದೆ. ಉದ್ಧರಣೆಯಿಂದ ತೀರ್ಥ ಅಂಗೈಗೆ ಬಿತ್ತು.

ಅದನ್ನು ಬಾಯಿಗೆ ತಂದವಳು ಹಾಗೆಯೇ ನಿಂತೆ. ಕುಡಿದದ್ದೆಲ್ಲವನ್ನೂ ಹೇಳಿ ಎಂದು ನಾನು ಕೇಳಿದಾಗ ಯಾರೂ ಸುಳ್ಳು ಹೇಳಿರಲಿಲ್ಲ. ನೀರನ್ನೆಲ್ಲ ಹೇಳಿದ್ದರು. ತೀರ್ಥ ನಮ್ಮ ಮನೆಯಲ್ಲಿ ನೀರಿನ ಲೆಕ್ಕಕ್ಕೆ ಬರುವುದೇ ಇಲ್ಲ. ಅದನ್ನು ಕುಡಿಯುವುದು ಎನ್ನುವುದಿಲ್ಲ, ತೆಗೆದುಕೊಳ್ಳುವುದು ಎನ್ನುತ್ತೇವೆ. ಅತ್ತಿಗೆ ತೀರ್ಥ ತೆಗೆದುಕೊಳ್ಳುತ್ತಿದ್ದಳೇ ಎಂದು ಅಪ್ಪನನ್ನು ಕೇಳಿದೆ. ಅಪ್ಪ ಕಣ್ಣೊರೆಸಿಕೊಂಡು, ಒಂದು ದಿನವೂ ತಪ್ಪಿಸಿದವಳಲ್ಲ ಎಂದರು. ಉಳಿದವರಿಗೆ ಒಂದೊಂದು ಉದ್ಧರಣೆ. ಅವಳಿಗೆ ಮಾತ್ರ ಮಗುವಿಗೆ ಒಳ್ಳೆಯದೆಂದು ಅಮ್ಮ ಬಟ್ಟಲಲ್ಲಿ ಮಿಕ್ಕದ್ದನ್ನೂ ಕುಡಿಸುತ್ತಿದ್ದಳು ಎಂದರು. ನಾನು ಅಂಗೈಯನ್ನು ಸೆರಗಿಗೆ ಒರೆಸಿಕೊಂಡೆ.

ಬಾವಿಯ ನೀರನ್ನು ದೊಡ್ಡ ಕ್ಯಾನುಗಳಲ್ಲಿ ತುಂಬಿಕೊಂಡು ಲ್ಯಾಬಿಗೆ ಹೋದೆ. ನೀರಿನಲ್ಲಿ ವೈರಸ್ಸು ಹುಡುಕುವುದು ರಕ್ತದಲ್ಲಿ ಹುಡುಕುವಷ್ಟು ಸುಲಭವಲ್ಲ. ಕ್ಯಾನುಗಟ್ಟಲೆ ನೀರನ್ನು ಸೋಸಿ, ಸೋಸಿ, ಚಿಟಿಕೆಯಷ್ಟಕ್ಕೆ ಇಳಿಸಬೇಕು. ಮೊದಲ ಸಲ ಏನೂ ಸಿಗಲಿಲ್ಲ, ನನಗೆ ಸಮಾಧಾನವಾಯಿತು. ಒಮ್ಮೆ ಸಿಗದಿದ್ದರೆ ಇಲ್ಲವೆಂದು ಅರ್ಥವಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವವಳೇ ನಾನು. ಮತ್ತೆ ನೀರು ತಂದೆ. ಈ ಸಲ ಪರದೆಯ ಮೇಲೆ ಗೆರೆ ನಿಧಾನವಾಗಿ ತಲೆ ಎತ್ತಿತು. ಅಕ್ಷರಗಳು ಬಂದವು. ಅತ್ತಿಗೆಯ ಒಂಟಿ ಕೊಂಬೆಯ ಪಕ್ಕದಲ್ಲಿ ಬಾವಿ ಬಂದು ಕೂತಿತು, ಒಂದು ಅಕ್ಷರದ ವ್ಯತ್ಯಾಸವೂ ಇಲ್ಲದೆ. ಆಮೇಲೆ ಅಗೆಸಿ ನೋಡಿದಾಗ ಹಿಂದಿನ ಗಲ್ಲಿಯ ಚರಂಡಿ ಪೈಪು ನಮ್ಮ ಬಾವಿಯ ಮಗ್ಗುಲಲ್ಲೇ ಒಡೆದಿತ್ತು.

ಅಣ್ಣನಿಗೆ ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ಹೇಳಿದೆ. ಅವನು ಅಕ್ಕಿ ಮೂಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡ. ಅವನ ಭುಜ ಮುಟ್ಟಲು ಹೋದರೆ ಕೈ ತಳ್ಳಿದ.

"ಅಮ್ಮನ ಹತ್ರ ಬಾಯಿ ಬಿಡ್ಬೇಡ," ಎಂದ. "ಭಟ್ರಿಗೆ ಬೇರೆ ಊರಲ್ಲಿ ಕೆಲಸ ನಾನೇ ಹುಡುಕಿ ಕೊಡ್ತೇನೆ. ಇನ್ನೊಂದು ಹೆಣ ಎತ್ಲಿಕ್ಕೆ ನನ್ನಿಂದ ಆಗುದಿಲ್ಲ."

ಭಟ್ಟರಿಗೆ ಬೇಕಾದದ್ದು ಕೆಲಸವಲ್ಲ ಎಂದೆ. ಅವರ ಮಗಳಿಗೆ ದಿನ ತುಂಬುತ್ತಾ ಬಂದಿತ್ತು. ನಾನು ಸುಮ್ಮನಿದ್ದರೆ ಆ ಹುಡುಗಿ ತನ್ನ ಅಪ್ಪನನ್ನು ಕೊಲೆಗಾರ ಎಂದುಕೊಂಡೇ ಹೆರಬೇಕು. ಹೇಳಿದರೆ ನನ್ನ ಅಮ್ಮ ಉಳಿದ ಜೀವನವನ್ನು ಅದೇ ಹೆಸರು ಹೊತ್ತು ಬದುಕಬೇಕು. ಎರಡರಲ್ಲಿ ಒಂದನ್ನು ಆರಿಸುವ ಹಕ್ಕನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಆ ವಾರವಿಡೀ ಲ್ಯಾಬಿನಲ್ಲಿ ಎಲ್ಲರ ಮೇಲೂ ರೇಗಾಡಿದೆ. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನ್ನ ಇಡೀ ವೃತ್ತಿಯಲ್ಲಿ ಅನ್ನಿಸಿದ್ದು ಅದೊಂದೇ ಸಲ.

ಕೊನೆಗೆ ನಾನು ಆರಿಸಬೇಕಾಗಿ ಬರಲಿಲ್ಲ. ಮುಂದಿನ ಭಾನುವಾರ ಅಮ್ಮ ಹುಣಿಸೆಹಣ್ಣು ಬಿಡಿಸುತ್ತಾ ಕೂತಿದ್ದವಳು ತಲೆ ಎತ್ತದೆ, ಎರಡು ಸಲ ಬಾವಿಯ ನೀರು ಒಯ್ದೆಯಲ್ಲ, ಅದರಲ್ಲಿ ಏನಿತ್ತು ಎಂದು ಕೇಳಿದಳು. ಏನೂ ಇರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆ ಮಾತು ಬರಲಿಲ್ಲ. ನನಗೆ ತಿಳಿದದ್ದನ್ನೆಲ್ಲ, ಅವಳಿಗೆ ಅರ್ಥವಾಗುವ ಹಾಗೆ, ಒಂದನ್ನೂ ಬಿಡದೆ ಹೇಳಿದೆ. ಅವಳು ಹುಣಿಸೆಹಣ್ಣಿನ ಬೀಜಗಳನ್ನು ಒಂದು ಕಡೆ, ನಾರನ್ನು ಒಂದು ಕಡೆ ಮಾಡುತ್ತಲೇ ಇದ್ದಳು.

"ಅವಳಿಗೆ ಬೇಡ ಇತ್ತು," ಎಂದಳು ಆಮೇಲೆ. "ಪೋದುಂ ಅತ್ತೆ, ಸಾಕು ಅತ್ತೆ ಅಂತಿದ್ಲು. ವಾಕರಿಕೆ ಬರ್ತದೆ ಅಂತಿದ್ಲು. ನಾನೇ ಗದರಿಸಿ ಕುಡಿಸಿದ್ದು."

ಯಾರಿಗೂ ಗೊತ್ತಿರಲಿಲ್ಲ, ಪೈಪು ಒಡೆದದ್ದಕ್ಕೆ ನೀನೇನು ಮಾಡುತ್ತಿ ಎಂದೆಲ್ಲ ನಾನು ಹೇಳಿದೆ. ಅದೆಲ್ಲ ನಿಜವೇ. ಆದರೆ ಅವಳು ಕೇಳುತ್ತಿರಲಿಲ್ಲ. ಎದ್ದು ಕೈ ತೊಳೆದುಕೊಂಡಳು. ಭಟ್ಟರ ಮಗಳ ಮನೆಗೆ ನನ್ನನ್ನು ಕರೆದುಕೊಂಡು ಹೋಗು ಎಂದಳು. ಅಣ್ಣ ಬಾಗಿಲಿಗೆ ಅಡ್ಡ ನಿಂತ. ಫೋನಿನಲ್ಲಿ ಹೇಳಿದರೆ ಸಾಕು, ನಾನೇ ಹೇಳುತ್ತೇನೆ ಎಂದ. ಅಮ್ಮ ಅವನ ಪಕ್ಕದಿಂದ ದಾಟಿ ಚಪ್ಪಲಿ ಹಾಕಿಕೊಂಡಳು.

ಎಗ್ಮೋರಿನಿಂದ ಎಲೆಕ್ಟ್ರಿಕ್ ಟ್ರೈನು ಹಿಡಿದೆವು. ರಜೆಯ ದಿನ, ಮಕ್ಕಳು ಮರಿಗಳ ಗಲಾಟೆ. ಹೂವು ಮಾರುವವಳು ಅಮ್ಮನ ಮುಂದೆ ನಿಂತು ಕೇಳಿದಾಗ ಅಮ್ಮ ಅಭ್ಯಾಸದಂತೆ ಎರಡು ಮೊಳ ಎಂದವಳು, ಆಮೇಲೆ ಒಂದು ಸಾಕು ಎಂದಳು. ಪ್ರತಿ ಶುಕ್ರವಾರ ಒಂದು ಮೊಳ ಅತ್ತಿಗೆಗೆ ತೆಗೆದುಕೊಳ್ಳುತ್ತಿದ್ದಳು.

ತಾಂಬರಂ ಸ್ಟೇಷನ್ನಿನಲ್ಲಿ ಭಟ್ಟರು ಕಾದಿದ್ದರು. ನಾನೇ ಫೋನ್ ಮಾಡಿ ವಿಷಯ ತಿಳಿಸಿದ್ದೆ. ಅಮ್ಮನನ್ನು ಕಂಡು ಕೈ ಮುಗಿದರು, ಅಮ್ಮನೂ ಮುಗಿದಳು. ಮಗಳ ಮನೆಯ ಗೇಟಿನ ತನಕ ಬಂದು ಅವರು ಅಲ್ಲೇ ನಿಂತರು. ನಾನು ಮತ್ತು ಅಮ್ಮ ಒಳಗೆ ಹೋದೆವು. ಮಗಳ ಅತ್ತೆ ಅಮ್ಮನ ವಯಸ್ಸು, ನಮ್ಮ ಹೋಟೆಲಿನ ಹೆಸರು ನೋಡಿ ಮರ್ಯಾದೆಯಿಂದಲೇ ಕೂರಲು ಹೇಳಿದರು. ಅಮ್ಮ ಕೂರಲಿಲ್ಲ. ಭಟ್ಟರ ಮಗಳು ಒಳಬಾಗಿಲಿನ ಹತ್ತಿರ ಗೋಡೆ ಹಿಡಿದು ನಿಂತಿದ್ದಳು.

"ನನ್ನ ಸೊಸೆಗೆ ಭಟ್ರ ಕೈಯಿಂದ ಏನೂ ಆಗ್ಲಿಲ್ಲ," ಎಂದಳು ಅಮ್ಮ. "ನಮ್ಮ ಬಾವಿಗೆ ಚರಂಡಿ ಸೇರಿತ್ತು. ಆ ನೀರನ್ನು ಸೇದಿದ್ದು ನಾನು. ದಿನಾ ಅವಳಿಗೆ ಕುಡಿಸಿದ್ದು ನಾನು. ಇವಳು ಪರೀಕ್ಷೆ ಮಾಡಿ ನೋಡಿದ್ದಾಳೆ. ಅವರನ್ನು ಒಳಗೆ ಕರೀರಿ."

ಆ ಹೆಂಗಸು ನನ್ನ ಮುಖ ನೋಡಿದರು. ನಾನು ಹೌದೆಂದೆ. ಪ್ರಿಂಟು ಮಾಡಿದ ಹಾಳೆ ನನ್ನ ಚೀಲದಲ್ಲೇ ಇತ್ತು; ಅದನ್ನು ಯಾರೂ ಕೇಳಲಿಲ್ಲ. ತಾಯಿಯೊಬ್ಬಳು ತನ್ನ ಬಾಯಿಂದ ಹೇಳಿದ ಮೇಲೆ ಅವರಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಅವರು ಮಗನನ್ನು ಕರೆದು, ಗೇಟಿನ ಹತ್ತಿರ ನಿಂತ ಮಾವನನ್ನು ಒಳಗೆ ಕರೆದುಕೊಂಡು ಬಾ ಎಂದರು. ಭಟ್ಟರು ಚಪ್ಪಲಿ ಬಿಟ್ಟು ಒಳಗೆ ಬಂದರು. ಮಗಳು ಬಾಯಿಗೆ ಸೆರಗು ಹಿಡಿದು ಅಳತೊಡಗಿದಳು.

ಅವಳು ಅಳುವುದನ್ನು ನೋಡಿ ಅಮ್ಮ ತಡೆಯಲಾರದೆ ಎರಡು ಹೆಜ್ಜೆ ಮುಂದೆ ಹೋಗಿ, ಅವಳ ತಲೆ ಸವರಲು ಕೈ ಚಾಚಿದಳು. ಆ ಅತ್ತೆ ತಟ್ಟನೆ ಸೊಸೆಯ ತೋಳು ಹಿಡಿದು, ಅವಳನ್ನು ತಮ್ಮ ಬೆನ್ನ ಹಿಂದಕ್ಕೆ ಎಳೆದುಕೊಂಡರು.

ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. "ಸರಿ ಮಾಡಿದ್ರಿ," ಎಂದಳು.